ಎಡಗಡೆಯ ಪೆಟ್ಟಿಗೆ

ನನ್ನ ಬುಲೆಟ್ಟು ಎಪ್ಪತ್ನಾಲ್ಕರ ಮಾಡೆಲ್ಲು. ಒಂದೊಂದು ನಟ್ಟನ್ನೂ ನಾನೇ ಬಿಗಿದಿದ್ದೇನೆ. ದಾಸರಹಳ್ಳಿಯಲ್ಲಿ ಅದು ಹೊರಟರೆ ಬಸ್ಸಿನವರೂ ತಿರುಗಿ ನೋಡುತ್ತಾರೆ. ಅಂಥ ಗಾಡಿಗೆ ಫೈಬರ್ ಪೆಟ್ಟಿಗೆ ಒಪ್ಪುವುದಿಲ್ಲವೆಂದು, ಪೀಣ್ಯದಲ್ಲಿ ಶೀಟ್ ಕೆಲಸ ಮಾಡುವ ಕಾಡಪ್ಪನ ಹತ್ತಿರ ಎರಡು ಅಲ್ಯೂಮಿನಿಯಂ ಪೆಟ್ಟಿಗೆ ಮಾಡಿಸಿದೆ.

"ಸೀರೆ ಗಾರ್ಡ್ ತಗದ್ರಷ್ಟ ಎಡಗಡಿ ಪೆಟಗಿ ಕೂಡ್ತೈತ್ರಿ ಸರ," ಎಂದ.

"ತೆಗೆದ್ಬಿಡಿ ಅಣ್ಣ. ಈ ಗಾಡಿ ಹಿಂದೆ ಯಾರನ್ನೂ ಕೂರಿಸಲ್ಲ ನಾನು."

ಮಧ್ಯಾಹ್ನ ಮಾದನಾಯಕನಹಳ್ಳಿ ಕಡೆ ಹೊರಟೆ. ವೇಗ ಅರವತ್ತು ದಾಟಿದಾಗಲೆಲ್ಲ ಎಡಗಡೆಯ ಪೆಟ್ಟಿಗೆ ಟಕ್ ಟಕ್ ಎನ್ನುತ್ತಿತ್ತು, ಯಾರೋ ಕಾಲಿನಿಂದ ಕುಟ್ಟಿದಂತೆ. ನಿಧಾನಿಸಿದರೆ ನಿಲ್ಲುತ್ತಿತ್ತು. ಇಳಿದು ನೋಡಿದೆ. ಪೆಟ್ಟಿಗೆ ಖಾಲಿ. ಹೊರಮೈಯಲ್ಲಿ ಹಿಮ್ಮಡಿಯಷ್ಟಗಲದ ಎರಡು ತಗ್ಗು, ಅಕ್ಕಪಕ್ಕ. ಆ ಉರಿಬಿಸಿಲಲ್ಲೂ ಹಿಂದಿನ ಸೀಟು ತಣ್ಣಗಿತ್ತು.

ಕಾಡಪ್ಪ ತಗ್ಗುಗಳನ್ನು ಬಡಿದು ಸರಿಮಾಡಿದ. ಮರುದಿನ ಅದೇ ಜಾಗದಲ್ಲಿ ಮತ್ತೆ ಬಂದವು. ಅವನು ಎಡಗಡೆಯ ಪೆಟ್ಟಿಗೆ ಬಿಚ್ಚಿ, ಸೀರೆ ಗಾರ್ಡ್ ವಾಪಸ್ ಹಾಕಿಕೊಟ್ಟ. ಸದ್ದು ನಿಂತಿತು.

ಈಗ ಬಲಗಡೆ ಮಾತ್ರ ಪೆಟ್ಟಿಗೆ ಇದೆ. ಜನ ನಗುತ್ತಾರೆ, ನಗಲಿ. ಅದರೊಳಗೆ ಹದಿನೈದು ಕಿಲೋ ಸ್ಪ್ಯಾನರು ತುಂಬಿಕೊಂಡು ಒಬ್ಬನೇ ಓಡಿಸುತ್ತೇನೆ. ನನ್ನ ಗಾಡಿ ಇವತ್ತಿನವರೆಗೆ ಬಲಕ್ಕೆ ಕೂದಲೆಳೆಯಷ್ಟೂ ವಾಲಿಲ್ಲ.