ಬಲವಂತದ ಕವಳ

"ಯಾರು ಹೊಡೆದಿದ್ದು?"

ಸಾಗರದ ಕ್ಲಿನಿಕ್ಕಿನಲ್ಲಿ ಹಲ್ಲಿನ ಡಾಕ್ಟರ್ ಕೃಷ್ಣಪ್ರಸಾದ್ ಕೇಳಿದ ಮೊದಲ ಮಾತೇ ಅದು. ರಕ್ತ ತೊಟ್ಟಿಕ್ಕುವ ಬಾಯಿಗೆ ವೇಲು ಒತ್ತಿಕೊಂಡಿದ್ದ ಹೇಮಾವತಿ, "ಬಚ್ಚಲಲ್ಲಿ ಜಾರಿ ಬಿದ್ದೆ" ಎಂದಳು.

"ಬಚ್ಚಲಿಗೆ ಬೆರಳು ಇರತ್ತಾ? ಕೆನ್ನೆ ಮೇಲೆ ಮೂಡಿದೆ ನೋಡಿ!"

ಅವಳಿಗೆ ಅಳು ಉಕ್ಕಿ ಬಂತು. ಹೊಡೆದವನು ಒಡಹುಟ್ಟಿದ ಅಣ್ಣ ಕನ್ನಪ್ಪ. ತೀರ್ಥಹಳ್ಳಿಯ ದೋಸ್ತನಿಗೆ ತಂಗಿಯನ್ನು ಕೊಡುತ್ತೇನೆಂದು ಮಾತು ಕೊಟ್ಟಿದ್ದ. ಇವಳು ಒಲ್ಲೆ ಎಂದಳು. ಅಷ್ಟಕ್ಕೇ ಕೆನ್ನೆಗೆ ಬಾರಿಸಿ ಬಾಯಿಗೆ ಗುದ್ದಿದ್ದ, ಪಾಪಿ! ಮುಂದಿನ ಹಲ್ಲು ಬುಡಸಮೇತ ಹೋಗಿತ್ತು.

ಹೋದ ಹಲ್ಲಿನ ಜಾಗಕ್ಕೆ ಕೃಷ್ಣಪ್ರಸಾದ್ ಇಂಪ್ಲಾಂಟ್ ಕೂರಿಸಿದ. ತಿಂಗಳುಗಳು ಕಳೆದವು. ತನ್ನೂರು ಹೊಸನಗರದಿಂದ ಸಾಗರದ ಬಸ್ಸು ಹತ್ತಿದಾಗೆಲ್ಲ ಅವಳ ಎದೆ ಢವಢವ... ಸೂಜಿಯ ಭಯಕ್ಕಲ್ಲ ಮಾರಾಯ್ರೆ!

ಆದರೆ ಇಂಪ್ಲಾಂಟಿನ ಸುತ್ತ ವಸಡು ತೀರಾ ತೆಳುವಾಗಿತ್ತು. ಅಂಗುಳದಿಂದ ಚೂರು ಮಾಂಸ ತೆಗೆದು ಅಲ್ಲಿಗೆ ಹೊಲಿದ.

"ಇದು ಕಚ್ಚಿಕೊಳ್ಳೋ ತನಕ ಜೋಪಾನ. ಎಲೆ ಅಡಿಕೆಯ ಕವಳವಂತೂ ಮುಟ್ಟಲೇಬೇಡಿ!"

ಮನೆಗೆ ಬಂದರೆ ಜಗಲಿಯಲ್ಲಿ ತೀರ್ಥಹಳ್ಳಿಯವರು! ಗಂಡಿನ ಕಡೆಯವರು ಕೊಟ್ಟ ಕವಳ ಹುಡುಗಿ ಬಾಯಿಗೆ ಹಾಕಿದರೆ ಮದುವೆಗೆ ಒಪ್ಪಿದಂತೆ. ಆ ಮನೆತನದ ಕಟ್ಟಳೆ ಅದು.

ಹೇಮಾವತಿ ಬಾಯಿ ಬಿಗಿದಳು. ಕನ್ನಪ್ಪ ಜಡೆ ಹಿಡಿದೆಳೆದ, ದವಡೆ ಅದುಮಿದ, ಎಲೆ ಅಡಿಕೆ ಸುಣ್ಣ ಒಟ್ಟಿಗೇ ತುರುಕಿದ. ಹೊಲಿಗೆ ಹರಿಯಿತು! ತುಟಿಯಿಂದ ಸುರಿದ ರಕ್ತವನ್ನು ಕವಳದ ರಸವೆಂದುಕೊಂಡು ನೆಂಟರು ನಕ್ಕರು. "ಒಪ್ಪಿದ್ಲು!"

ಅಣ್ಣನ ಕೈ ಕಚ್ಚಿ ಬಿಡಿಸಿಕೊಂಡು ಓಡಿದಳು. ಸಿಕ್ಕಿದ ಬಸ್ಸು ಹತ್ತಿ ಸಾಗರ ಸೇರಿದಳು.

"ಕವಳ ಹಾಕಿದ್ರಾ?!" ವಾಸನೆಗೇ ಕೃಷ್ಣಪ್ರಸಾದ್ ಕೆರಳಿದ. "ಅಷ್ಟು ಹೇಳಿದ್ರೂ? ಹೋಗಿ, ಬೇರೆ ಡಾಕ್ಟ್ರನ್ನ ನೋಡ್ಕಳಿ!"

ಬಾಯಿ ತುಂಬ ರಕ್ತ. 'ಇವರೂ ಹೀಗೇನಾ...' ಎಂದುಕೊಂಡು ಬಾಗಿಲ ಕಡೆ ತಿರುಗಿದಳು.

ಅಷ್ಟರಲ್ಲಿ ಅವಳ ಬೆನ್ನಟ್ಟಿ ಬಂದ ಕನ್ನಪ್ಪ ಬಾಗಿಲು ಒದ್ದುಕೊಂಡು ನುಗ್ಗಿದ.

"ಬಾರೇ! ನಿನ್ನ ಬಾಯಿಗೆ ನಾನೇ ಕವಳ ತುರ್ಕಿದ್ದೀನಿ. ಇನ್ನು ನೀನು ಅವ್ರ ಮನೆಯವ್ಳು!"

ಕೃಷ್ಣಪ್ರಸಾದನ ಮುಖ ಬಿಳಿಚಿತು. ಅಡ್ಡ ಬಂದ. ಕನ್ನಪ್ಪನ ಗುದ್ದಿಗೆ ಮೂಗೊಡೆದು ನೆಲಕ್ಕೆ ಬಿದ್ದ. ಬಿದ್ದವನ ಪಕ್ಕೆಗೂ ಒದೆ! ಹೇಮಾವತಿ ಸ್ಟೀಲಿನ ಟ್ರೇ ಎತ್ತಿದವಳೇ ಅಣ್ಣನ ತೋಳಿಗೆ ಬೀಸಿ ಹೊಡೆದಳು.

"ಒಲ್ಲೆ ಅಂದೆ! ಒಲ್ಲೆ!"

ಜನ ಓಡಿ ಬಂದು ಕನ್ನಪ್ಪನನ್ನು ಹಿಡಿದು ಪೊಲೀಸರಿಗೆ ಒಪ್ಪಿಸಿದರು. ಮೂಗಿಗೆ ಹತ್ತಿ ತುರುಕಿಕೊಂಡೇ ಕೃಷ್ಣಪ್ರಸಾದ್ ಮತ್ತೆ ಹೊಲಿದ, ತುಟಿ ಕಚ್ಚಿಕೊಂಡು.

ಅವಳು ಗೆಳತಿ ಪ್ರತಿಮಾಳ ಮನೆಯಲ್ಲಿ ಉಳಿದಳು. ಮರುವಾರ ತೋರಿಸಲು ಬಂದಾಗ ಅವನ ಕಣ್ಣು ತುಂಬಿತ್ತು.

"ವಾಸನೇನ ನಂಬಿದೆ, ನಿಮ್ಮನ್ನ ನಂಬ್ಲಿಲ್ಲ. ತಪ್ಪಾಯ್ತು ಹೇಮಾ... ನೀವಂದ್ರೆ ನಂಗೆ ಜೀವ. ಮದ್ವೆ ಆಗ್ತೀರಾ? ಬಾಯಿ ತೆಗೀಬೇಡಿ, ತಲೆ ಆಡ್ಸಿದ್ರೆ ಸಾಕು."

ಅವಳು ತಲೆ ಆಡಿಸಲಿಲ್ಲ. ಅವನ ಮುಖ ಬಾಡಿತು.

ಹೇಮಾವತಿ ಅವನ ಕೈ ಹಿಡಿದಳು. "ಇಲ್ಲ ಡಾಕ್ಟ್ರೇ... ನನ್ ಬಾಯಿಂದಾನೇ ಹೇಳ್ಬೇಕು. ಒಪ್ಪಿದೀನಿ."

"ಅಯ್ಯೋ, ಹೊಲಿಗೆ ಬಿಟ್ಟೀತು ಮಾರಾಯ್ತಿ!"

"ಬಿಟ್ರೆ ಬಿಡ್ಲಿ. ನೀವಿದೀರಲ್ಲ!"