‘ಆದ್ರೆ’ ಅನ್ನಬಾರದು

ಪ್ಲಾಸ್ಟಿಕ್ ಕುರ್ಚಿ ಗೋಡೆಗೆ ಬಡಿದು ಎರಡು ತುಂಡಾಯಿತು. ಪುಣ್ಯಕ್ಕೆ ಚೌರಪ್ಪ ತಲೆ ತಗ್ಗಿಸಿದ್ದ. ಇಲ್ಲದಿದ್ದರೆ ತುಂಡಾಗುತ್ತಿದ್ದದ್ದೇ ಬೇರೆ.

“ಇನ್ನಾಸಪ್ಪ, ಇದು ಚರ್ಚ್ ಹಾಲ್ ಕಣಯ್ಯ, ಕುಸ್ತಿ ಅಖಾಡ ಅಲ್ಲ!” ಫಾದರ್ ಅರುಳಪ್ಪ ಗದರಿದರು. “ಕೂತ್ಕೊಳ್ಳಿ ಇಬ್ರೂ!”

ಜಸಿಂತಾ ತನ್ನಪ್ಪ ಚೌರಪ್ಪನ ತೋಳು ಜಗ್ಗಿ ಕೂರಿಸಿದಳು, ಎಡಗೈಯಿಂದ. ಬಲಗೈಯ ಎರಡು ಬೆರಳು ಈಗ ಮಡಚುವುದಿಲ್ಲ. ಎದುರು ಬೆಂಚಿನಿಂದ ಇನ್ನಾಸಪ್ಪನ ಮಗ ವಲೇರಿಯನ್ ಆ ಬೆರಳುಗಳನ್ನೇ ನೋಡುತ್ತಿದ್ದ.

ನೋಡಲಿ, ಚೆನ್ನಾಗಿ ನೋಡಲಿ ಅಂದುಕೊಂಡಳು. ಅಷ್ಟರಲ್ಲಿ ಅವನು ಕಣ್ಣೆತ್ತಿದ. ಹಾಳಾದ ಎದೆ! ಹತ್ತು ತಿಂಗಳಾದರೂ ಬುದ್ಧಿ ಬಂದಿರಲಿಲ್ಲ, ಧಸಕ್ಕೆಂದಿತು.

ಸಂಗತಿ ಇಷ್ಟೇ. ಜಸಿಂತಾಳ ಅಕ್ಕ ಫಿಲೋಮಿನಾಳನ್ನು ಇನ್ನಾಸಪ್ಪನ ಹಿರಿಮಗನಿಗೆ ಕೊಟ್ಟಿತ್ತು. ಅವನು ದೋಣಿಗಲ್ ತಿರುವಿನಲ್ಲಿ ಲಾರಿಗೆ ಸಿಕ್ಕಿ ಸತ್ತ. ನಲವತ್ತು ದಿನ ತುಂಬುವ ಮೊದಲೇ ಇನ್ನಾಸಪ್ಪ ಸೊಸೆಯ ಬಟ್ಟೆಗಂಟನ್ನು ರಸ್ತೆಗೆಸೆದ. ಅವಳ ಗಂಡನ ಪಾಲಿನ ಒಂದೆಕರೆ ಕಾಫಿಯನ್ನೂ ಕೊಡಲಿಲ್ಲ. ಹಣ್ಣಿನ ಕಾಲ ಬಂದಾಗ ಚೌರಪ್ಪ, ಮಗಳ ಪಾಲು ಕೊಯ್ಯುತ್ತೇನೆಂದು ತೋಟಕ್ಕೆ ನುಗ್ಗಿದ. ಅವನ ದೊಣ್ಣೆಗೆ ಇನ್ನಾಸಪ್ಪನ ತಲೆ ಒಡೆಯಿತು. ಅಪ್ಪನ ರಕ್ತ ಕಂಡ ವಲೇರಿಯನ್ ಗಿಡ ಸವರುವ ಕತ್ತಿ ಎತ್ತಿದ. ಜಸಿಂತಾ ನಡುವೆ ಬಂದು ಅಲಗನ್ನೇ ಹಿಡಿದಳು. ಹದಿಮೂರು ಹೊಲಿಗೆ ಬಿತ್ತು.

ಆ ವಲೇರಿಯನ್ನಿಗೂ ಅವಳಿಗೂ ಎರಡು ವರ್ಷದ ಪ್ರೀತಿ ಅನ್ನುವುದು ಫಿಲೋಮಿನಾಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಫಾದರ್ ಮಾಡಿಸುವ ರಾಜಿ ಮೂರು ಸುತ್ತಿನದು. ಮೊದಲು ಇಬ್ಬರೇ ಕೂತು ಮಾತಾಡಬೇಕು. ಆಗದಿದ್ದರೆ ಸಾಕ್ಷಿಗಳ ಮುಂದೆ. ಅದೂ ಆಗದಿದ್ದರೆ ಎರಡೂ ಮನೆಯವರು ಒಟ್ಟಿಗೆ. ಎದುರಿನವರ ನೋವನ್ನು ಅವರದೇ ಮಾತಿನಲ್ಲಿ ತಿರುಗಿ ಹೇಳಬೇಕು, ಅವರು “ಹೌದು, ಅದೇ” ಅನ್ನಬೇಕು. ನಡುವೆ ‘ಆದ್ರೆ’ ಅಂದರೆ ಮೊದಲಿಂದ ಶುರು. ಇವತ್ತಿನದು ಮೂರನೆಯದು. ಇದು ಮುರಿದರೆ ಕೋರ್ಟು, ಆಮೇಲೆ ವಲೇರಿಯನ್ ಅವಳಿಗೆ ಸಾಯುವವರೆಗೂ ಹಗೆಯವನ ಮಗ.

ಇನ್ನಾಸಪ್ಪ ಬೆಳಗಿನಿಂದ ನಾಲ್ಕು ಸಲ ‘ಆದ್ರೆ’ ಅಂದಿದ್ದ. ಐದನೆಯದಕ್ಕೆ ಕುರ್ಚಿ ಎಸೆದಿದ್ದ.

“ನಾನು ತಿರುಗಿ ಹೇಳ್ತೀನಿ ಫಾದರ್,” ವಲೇರಿಯನ್ ಎದ್ದ. “ಮೊದ್ಲು ಜಸಿಂತಾ ಹೇಳ್ಲಿ.”

ಅವಳು ಎದ್ದಳು. “ನೀನು ನಮ್ಮಪ್ಪನ ಕುತ್ತಿಗೆಗೆ ಕತ್ತಿ ಎತ್ತಿದೆ. ನನ್ ಕೈ ಕೊಯ್ದೆ. ಹನ್ನೊಂದು ದಿನ ಹಾಸನದಲ್ಲಿ ಆಸ್ಪತ್ರೆ ಬಾಗ್ಲನ್ನೇ ನೋಡ್ದೆ. ನೀನು ಬರ್ಲಿಲ್ಲ.”

“ಅವನ್ಯಾಕೆ ಬರ್ಬೇಕಿತ್ತು?” ಚೌರಪ್ಪ ಹುಬ್ಬು ಗಂಟಿಕ್ಕಿದ.

“ಸುಮ್ನಿರಪ್ಪ, ಈಗ ನಿನ್ನ ಸರದಿ ಅಲ್ಲ.”

ವಲೇರಿಯನ್ ಅವಳ ಕಣ್ಣು ಬಿಟ್ಟು ಬೇರೆಲ್ಲೂ ನೋಡಲಿಲ್ಲ. “ನಿಮ್ಮಪ್ಪನ ಕುತ್ತಿಗೆಗೆ ಕತ್ತಿ ಎತ್ತಿದೆ. ಹೆದರ್ಸೋಕಲ್ಲ, ಕಡಿಯೋಕೇ ಎತ್ತಿದೆ. ನಿನ್ ಕೈ ಕೊಯ್ದ್ಬುಟ್ಟೆ. ಹನ್ನೊಂದು ದಿನ ನೀನು ಬಾಗ್ಲು ನೋಡ್ದೆ. ನಾನು ಬರ್ಲಿಲ್ಲ.”

ಅವನು ಇನ್ನೂ ಏನೋ ಹೇಳಲು ಹೊರಟ. ಅವನು ಮೂರು ಸಲ ಆಸ್ಪತ್ರೆಯ ಗೇಟಿನ ತನಕ ಬಂದು, ಪೊಲೀಸರಿಗೆ ಹೆದರಿ ವಾಪಸ್ ಹೋಗಿದ್ದನ್ನು ಅಕ್ಕ ಅವಳಿಗೆ ಹೇಳಿದ್ದಳು. ಈಗ ಅದನ್ನು ಹೇಳೇ ಹೇಳುತ್ತಾನೆ ಅಂದುಕೊಂಡಳು. ಅವನು ನುಂಗಿಕೊಂಡ.

“ಅಷ್ಟೇ,” ಅಂದ.

“ಹೌದು, ಅದೇ,” ಅಂದಳು ಜಸಿಂತಾ. ಇವನನ್ನು ಕೊಲ್ಲಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು.

ಇನ್ನಾಸಪ್ಪ ಬಹಳ ಹೊತ್ತು ಹಣೆಯ ಗಾಯದ ಗುರುತು ಉಜ್ಜಿಕೊಂಡ. ಆಮೇಲೆ ಮೂಲೆಯಲ್ಲಿ ಕೂತಿದ್ದ ಸೊಸೆ ಫಿಲೋಮಿನಾಳ ಕಡೆ ತಿರುಗಿದ.

“ನಿನ್ನ ಬಟ್ಟೆಗಂಟು ರಸ್ತೆಗೆಸೆದೆ. ನಿನ್ ಗಂಡನ ಶರ್ಟೂ ಅದ್ರಲ್ಲೇ ಇತ್ತು ಅಂದೆ ನೀನು. ಅದೂ ಕೆಸರಿಗೆ ಬಿತ್ತು...” ಮುದುಕ ಗೊಳೋ ಎಂದು ಅತ್ತುಬಿಟ್ಟ. “ತಗೋಳವ್ವ, ಒಂದೆಕ್ರೆ ನಿಂದೇ.”

“ಹೌದು ಮಾವ, ಅದೇ,” ಫಿಲೋಮಿನಾ ಸೆರಗು ಬಾಯಿಗೆ ಒತ್ತಿಕೊಂಡಳು.

“ನಾನು ನಿನ್ನ ತಲೆ ಒಡೆದೆ,” ಚೌರಪ್ಪನೂ ನೆಲ ನೋಡುತ್ತಾ ಗೊಣಗಿದ. ರಾಜಿಪತ್ರಕ್ಕೆ ಸಹಿ ಬಿತ್ತು.

“ಇನ್ಯಾರಿಗಾದ್ರೂ ಹೇಳೋದೈತಾ? ಇವತ್ತು ಬಿಟ್ರೆ ಇಲ್ಲ,” ಫಾದರ್ ಕೇಳಿದರು.

“ನಂಗೈತೆ,” ಅಂದಳು ಜಸಿಂತಾ. “ಅಪ್ಪ, ನಾನು ವಲೇರಿಯನ್ನ ಪ್ರೀತಿಸ್ತೀನಿ. ಕೈ ಕೊಯ್ಯೋಕ್ ಮೊದ್ಲೂ, ಕೊಯ್ದ್ ಮೇಲೂ. ಇವನನ್ನೇ ಮದ್ವೆ ಆಗ್ತೀನಿ.”

ಚೌರಪ್ಪನ ಗುದ್ದು ವಲೇರಿಯನ್ನ ದವಡೆಗೆ ಬಿತ್ತು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಎರಡನೆಯದಕ್ಕೆ ತುಟಿ ಒಡೆದು ರಕ್ತ ಗಲ್ಲಕ್ಕಿಳಿಯಿತು. ಕೈ ಬಿಚ್ಚಲಿಲ್ಲ. ಮೂರನೆಯ ಗುದ್ದನ್ನು ಜಸಿಂತಾ ನಡುವೆ ಬಂದು ಹಿಡಿದಳು, ಬಲಗೈಯಿಂದ. ಎರಡು ಬೆರಳು ಮುಷ್ಟಿಯ ಸುತ್ತ ಮಡಚಲಾರದೆ ನೆಟ್ಟಗೆ ನಿಂತವು.

“ಚೌರಪ್ಪ,” ಫಾದರ್ ದನಿ ಗಡಸಾಗಿತ್ತು, “ಮಗಳು ಹೇಳಿದ್ದನ್ನ ತಿರುಗಿ ಹೇಳು.”

“ಹೇಳಲ್ಲ!”

“ಎಲ್ರೂ ಹೇಳಿದ್ರು ಕಣಪ್ಪ,” ಅಂದಳು ಅವಳು.

ಚೌರಪ್ಪ ಆ ಬೆರಳುಗಳನ್ನು ನೋಡಿದ. ಅವು ಹೋದದ್ದು ತನ್ನ ಕುತ್ತಿಗೆ ಉಳಿಸಲು. ಮುಷ್ಟಿ ಸಡಿಲಾಯಿತು.

“ನನ್ ಮಗಳು ಇವನನ್ನ ಪ್ರೀತಿಸ್ತಾಳೆ. ಕೈ ಕೊಯ್ಯೋಕ್ ಮೊದ್ಲೂ... ಕೊಯ್ದ್ ಮೇಲೂ. ಇವನನ್ನೇ ಮದ್ವೆ ಆಗ್ತಾಳೆ.” ಉಸಿರೆಳೆದುಕೊಂಡ. ಬಾಯಿ ಮತ್ತೆ ತೆರೆಯಿತು. “ಆ...”

ಇನ್ನಾಸಪ್ಪ ಕೂಡ ಉಸಿರು ಬಿಗಿಹಿಡಿದ. ಚೌರಪ್ಪ ಎಲ್ಲರ ಮುಖವನ್ನೂ ಒಮ್ಮೆ ನೋಡಿ ಬಾಯಿ ಮುಚ್ಚಿಕೊಂಡ.

“ಹೌದಪ್ಪ,” ಅಂದಳು ಜಸಿಂತಾ, ಅಳುತ್ತಾ. “ಅದೇ.”