ಕೊನೆಯ ಬೆರಳಿನ ಮುಲಾಮು

ನಾವೂ ಹುಟ್ಟಿರಲಿಲ್ಲ, ನಾವು ನಡೆಯುವ ದಾರಿಗಳೂ ಹುಟ್ಟಿರಲಿಲ್ಲ, ಅಂಥ ಕಾಲದಲ್ಲಿ ಚಿಗರಿಪುರ ಅಂತ ಒಂದು ರಾಜ್ಯ. ಅಲ್ಲಿ ರಾಜನಿದ್ದ, ರಾಣಿ ಇದ್ದಳು, ಬೆಳೆ ಇತ್ತು, ಬೆಳದಿಂಗಳಿತ್ತು. ಇಲ್ಲದ್ದು ಒಂದೇ. ಅಲ್ಲಿ ಯಾರ ಗಾಯವೂ ಮಾಯುತ್ತಿರಲಿಲ್ಲ.

ಕಾರಣ ಗುಡ್ಡದಾಚೆಯ ಕೋಟೆಯಲ್ಲಿದ್ದ ಮಾಂತ್ರಿಕ. ಕರಿನಾಲಿಗೆಯವನು, ಆಡಿದ ಕೆಟ್ಟ ಮಾತು ಫಲಿಸುತ್ತಿತ್ತು. ಅವನ ಎದೆಯ ಮೇಲೊಂದು ಹುಣ್ಣಾಗಿ, ನಾರಿ, ಹತ್ತಿರ ಹೋಗುವವರೇ ಇಲ್ಲದಾದರು. ಆ ಸಿಟ್ಟಿಗೆ ಅವನು ಅಂದುಬಿಟ್ಟ: "ನನ್ನ ಹುಣ್ಣು ಮಾಯುವ ತನಕ ಚಿಗರಿಪುರದಾಗ ಯಾರದೂ ಮಾಯಬಾರದು!" ಅಂದಿನಿಂದ ಮುಳ್ಳು ಚುಚ್ಚಿದರೆ ಕೀವು, ಕುಡುಗೋಲು ತಾಗಿದರೆ ಹುಳ. ಸೊಳ್ಳೆ ಕಡಿದದ್ದನ್ನು ಕೆರೆದುಕೊಂಡ ರಾಜಕುಮಾರಿ ಕೂಡ ಕೈಗೆ ಬಟ್ಟೆ ಸುತ್ತಿಕೊಂಡು ಅಳುತ್ತ ಕೂತಿದ್ದಳು.

ಆ ಶಾಪಕ್ಕೆ ಬಗ್ಗದವಳು ಒಬ್ಬಳೇ, ದುಂಡವ್ವ. ಎಳ್ಳೆಣ್ಣೆ, ಜೇನುಮೇಣ, ಬೇವು, ಅರಿಶಿನ, ಲೋಳೆಸರ, ಇವೆಲ್ಲ ಎಲ್ಲರಿಗೂ ಗೊತ್ತಿದ್ದವೇ. ಅದರ ಜೊತೆ ಒಂದು ಎಲೆ ಅರೆದು ಹಾಕುತ್ತಿದ್ದಳು, ಆ ಗಿಡ ಬೆಳೆಯುವ ಜಾಗ ಅವಳೊಬ್ಬಳಿಗೇ ಗೊತ್ತು. ಮುಲಾಮನ್ನು ಕೊಂಬಿನ ಕರಡಿಗೆಯಲ್ಲಿ ತುಂಬಿಡುತ್ತಿದ್ದಳು. ಇಡೀ ರಾಜ್ಯಕ್ಕೆ ಸಾಲುವಷ್ಟು ಎಲೆ ಮಾತ್ರ ಸಿಗುತ್ತಿರಲಿಲ್ಲ. ಯಾರೇ ಬರಲಿ, ಬೇವಿನ ನೀರು ಕುದಿಸಿ ಆರಿಸಿ ಗಾಯ ತೊಳೆಯುವಳು, ಹಳೇ ಸೀರೆಯ ಮೆತ್ತನೆಯ ತುಂಡಿನಿಂದ ಒರೆಸುವಳು, ತೆಳ್ಳಗೆ ಸವರುವಳು. ಸವರುತ್ತ ಒಂದೇ ಮಾತು ಹೇಳುವಳು: "ಮಾಯಲಿ."

ಆ ಮಾತು ಮನಸ್ಸಿನಿಂದ ಬರಬೇಕು. ಮತ್ತೊಬ್ಬರ ಬಾಯಿಂದ ಬರಬೇಕು. ತನ್ನ ಗಾಯಕ್ಕೆ ತಾನೇ ಹೇಳಿಕೊಂಡರೆ ನಡೆಯುತ್ತಿರಲಿಲ್ಲ.

ದುಂಡವ್ವನಿಗೆ ಒಬ್ಬ ಮಗ, ಮಲಕಾರಿ. ಕಾಲು ಒಂದು ಕಡೆ ನಿಲ್ಲದವ. ದಾರಿಯಲ್ಲಿ ಧೂಳೆದ್ದರೆ ಸಾಕು, ಯಾರು ಹೊಂಟರು, ಎಲ್ಲಿಗೆ ಹೊಂಟರು ಅಂತ ಬಾಗಿಲಿಗೆ ಓಡುವವ. ಒಂದು ಮುಂಜಾನೆ ಕುದುರೆ ವ್ಯಾಪಾರಿಗಳ ತಂಡ ಊರು ಬಿಡುತ್ತಿತ್ತು, ಮಲಕಾರಿ ಬುತ್ತಿ ಕಟ್ಟಿಕೊಂಡು ನಿಂತಿದ್ದ. ಅದೇ ಹೊತ್ತಿಗೆ ಎಲೆ ಕೊಯ್ಯಲು ಹೋಗಿದ್ದ ಅವ್ವ ಕಾಲಿಗೆ ಕುಡುಗೋಲು ತಗುಲಿಸಿಕೊಂಡು ಕುಂಟುತ್ತ ಬಂದಳು.

"ಒಂಚೂರು ಹಚ್ಚೋ ಮಗಾ. ಮೊದಲು ತೊಳಿ."

"ತೊಳೀಲಾಕ ಎಲ್ಲೈತಿ ಹೊತ್ತು? ಕುದುರಿ ಅಗಸಿ ದಾಟಿದ್ವು ನೋಡು!"

"ಕುದುರಿ ಇವತ್ತ ಹೋದ್ರ ನಾಳೆ ಬರ್ತಾವ. ಕಾಲು ನಂದು, ನಾಳೆ ಬರೂದಿಲ್ಲ" ಅಂತ ನಕ್ಕಳು.

ಮಲಕಾರಿ ತೊಳೆಯಲಿಲ್ಲ, ಒರೆಸಲಿಲ್ಲ. ಬೆರಳಿಗೆ ಬಂದಷ್ಟು ಮುಲಾಮು ಮೆತ್ತಿದ. ಕಣ್ಣು ಊರ ಅಗಸಿಬಾಗಿಲ ಕಡೆ, ಬಾಯಿ ಗಾಯದ ಕಡೆ. "ಏ, ಲಗೂನ ಮಾಯವಾಗು!" ಅಂದ.

ಅವನು ಹೇಳಿದ್ದು ಗಾಯಕ್ಕೆ. ಆ ಮಾತು ಹಿಡಿದದ್ದು ಅವ್ವನನ್ನು. ಮಲಕಾರಿ ತಿರುಗಿ ನೋಡುವಷ್ಟರಲ್ಲಿ ಮಣೆಯ ಮೇಲೆ ಅವ್ವ ಇರಲಿಲ್ಲ. ನೆಲದ ಮೇಲೆ ನಾಲ್ಕು ಹನಿ ರಕ್ತ ಇತ್ತು.

"ಅವ್ವಾ! ಅವ್ವಾ!" ಅಂತ ಅಟ್ಟ ಹುಡುಕಿದ, ಹಿತ್ತಲು ಹುಡುಕಿದ. ಮೊಣಕಾಲಿನ ಹುಣ್ಣಿಗೆ ಮುಲಾಮು ಹಚ್ಚಿಸಿಕೊಳ್ಳಲು ಬಂದ ಪಕ್ಕದ ಮನೆಯ ಕಾಳವ್ವ ಮುದುಕಿ ಹಣೆ ಬಡಿದುಕೊಂಡಳು.

"ಏನಂದಿ ನೀನು? ಮಾಯಲಿ ಅಂದ್ಯಾ, ಮಾಯವಾಗು ಅಂದ್ಯಾ?"

ಮಲಕಾರಿ ಖಾಲಿ ಮಣೆ ತೋರಿಸಿದ. ಮುದುಕಿಗೆ ತಿಳಿಯಿತು.

"ಮಾಯವಾದದ್ದೆಲ್ಲ ಆ ಕರಿನಾಲಿಗೆಯವನ ಕೋಟೆ ಸೇರತೈತಿ. ಹೋಗು. ಅದೇ ಕೈಲಿಂದ ಅದೇ ಗಾಯಕ್ಕ ಹಚ್ಚಿ, ನೆಟ್ಟಗಿನ ಮಾತು ಹೇಳು, ನಿಮ್ಮವ್ವ ಬಂದಾಳು. ಕರಡಿಗಿ ತಳದಾಗಿರೂದು ಜ್ವಾಕಿ. ಇನ್ನು ಮಾಡುವಾಕಿ ಇಲ್ಲ."

ಮಲಕಾರಿ ನಡೆದ. ಎಷ್ಟೋ ದಾರಿ ಆಸೆಯಿಂದ ನಡೆದವನು ಅಂದು ಅಳುತ್ತ ನಡೆದ.

ಕಾಡಿನಲ್ಲಿ ಹುಲಿಯೊಂದು ದಾರಿಗೆ ಅಡ್ಡ ಮಲಗಿತ್ತು. ಬೋನಿನ ಹಲ್ಲು ಕಚ್ಚಿದ ಮುಂಗಾಲು ಬಾತು ಕುಂಬಳಕಾಯಿಯಾಗಿತ್ತು.

"ನಿನ್ನ ತಿನ್ನಬೇಕು" ಅಂದಿತು ಹುಲಿ, "ಆದರ ಏಳಾಕ ಆಗವಲ್ದು. ನೀನೇ ಹತ್ತಿರ ಬಾ."

"ನನ್ನಂಥವನ್ನ ತಿಂದರ ನಿನಗೂ ಪಾಪ ಅಂಟತೈತಿ" ಅಂದ ಮಲಕಾರಿ. ಕರಡಿಗೆ ತೆಗೆದ. ಮುಲಾಮು ಸವರಿ ಮಾಯವಾಗು ಅಂದರೆ ಹುಲಿಯೂ ಇಲ್ಲ, ಅಂಜಿಕೆಯೂ ಇಲ್ಲ. ಮಾತು ನಾಲಿಗೆಯ ತುದಿಗೆ ಬಂತು, ಅವ್ವನ ಖಾಲಿ ಮಣೆ ಕಣ್ಣ ಮುಂದೆ ಬಂತು. ಬೇವಿನ ಸೊಪ್ಪು ಕುದಿಸಿ, ಆರಿಸಿ ತೊಳೆದ, ಒರೆಸಿದ, ತೆಳ್ಳಗೆ ಸವರಿದ. "ಮಾಯಲಿ" ಅಂದ. ಕಾಲು ಮಾಯಿತು. ಹುಲಿ ದಾರಿ ಬಿಟ್ಟಿತು.

ಮುಂದೆ ಹೊಳೆ. ಹೊಳೆಯಲ್ಲಿ ಏಳು ಹೆಡೆಯ ಹಾವು. ಪೊರೆ ಅರ್ಧ ಕಳಚಿ ಅರ್ಧ ಅಂಟಿಕೊಂಡು, ಮೈಯೆಲ್ಲ ಹುಣ್ಣು. ಏಳು ಬಾಯಿಂದ ಒಮ್ಮೆಗೇ ನರಳುತ್ತಿತ್ತು. ಮಲಕಾರಿ ಕರಡಿಗೆ ನೋಡಿದ, ಹಾವು ನೋಡಿದ. ತೊಳೆದ, ಒರೆಸಿದ, ತೆಳ್ಳಗೆ ಸವರಿದ. "ಮಾಯಲಿ." ಪೊರೆ ಕಳಚಿತು, ಹಾವು ಸೇತುವೆಯಾಗಿ ಮಲಗಿ ಅವನನ್ನು ದಾಟಿಸಿತು.

ಆಮೇಲೆ ಕೋಟೆಯ ಬಾಗಿಲು. ಕಾಯುವ ಭೂತಕ್ಕೆ ತಾಳೆಮರದಷ್ಟು ಎತ್ತರ, ಅಂಗೈ ತುಂಬ ಕಜ್ಜಿ. ಪರಪರ ಕೆರೆಯುತ್ತ ನಿಂತಿತ್ತು.

"ಯಾರಲೇ ನೀನು? ತಡಿ, ಕೆರೆದು ಮುಗಿಸಿ ಕೊಲ್ತೀನಿ."

"ಕೆರೆಯೂದು ಮುಗಿಯೂದು ಯಾವಾಗ?"

"ಅದೇ ನನಗೂ ತಿಳೀವಲ್ದಪ್ಪಾ" ಅಂತ ಭೂತ ಗೊಳೋ ಅಂತ ಅತ್ತಿತು.

ಮಲಕಾರಿ ಬೇಡ ಅನ್ನಲಾರದೆ ಹೋದ. ತೊಳೆದ, ಒರೆಸಿದ, ಎಷ್ಟು ತೆಳ್ಳಗೆ ಸವರಿದರೂ ಆ ಅಂಗೈ ದೊಡ್ಡದು. "ಮಾಯಲಿ." ಬಾಗಿಲು ತೆರೆಯಿತು. ಕರಡಿಗೆಯಲ್ಲಿ ಉಳಿದದ್ದು ಒಂದು ಬೆರಳು ಮುಲಾಮು.

ಒಳಗೆ ಅವ್ವ ಇದ್ದಳು. ಹೊಗೆಯಂತೆ ತೆಳ್ಳಗಾಗಿದ್ದಳು. ಮಾಯವಾದವರಿಗೆ ದನಿ ಇರುವುದಿಲ್ಲ. ಕಾಲಿನಿಂದ ಹನಿ ಹನಿ ರಕ್ತ ಇಳಿಯುತ್ತಲೇ ಇತ್ತು. ಮಂಚದ ಮೇಲೆ ಮಾಂತ್ರಿಕ ಬಿದ್ದಿದ್ದ. ಅವ್ವ ಅವನ ಎದೆಯ ಹುಣ್ಣು ತೊಳೆದು ಒರೆಸುತ್ತಿದ್ದಳು. ಕೈ ಇತ್ತು, ಮಾತಿರಲಿಲ್ಲ.

"ಅವ್ವಾ, ಕಾಲು ಕೊಡು!" ಮಲಕಾರಿ ನೆಲಕ್ಕೆ ಕೂತ. ಕಾಲು ತೊಳೆದ. ಒರೆಸಿದ. ಕೊನೆಯ ಮುಲಾಮು ಬೆರಳಿಗೆ ತೆಗೆದ.

ಅವ್ವ ಅವನ ಕೈ ಹಿಡಿದಳು. ಮಂಚದ ಕಡೆ ತೋರಿಸಿದಳು.

"ಅಂವಗ? ಆ ಕರಿನಾಲಿಗೆಯವಗ? ಒಂದ ಬೆರಳೈತಿ ಅವ್ವಾ!"

ಅವ್ವ ಕಿಟಕಿ ತೋರಿಸಿದಳು. ದೂರದಲ್ಲಿ ಚಿಗರಿಪುರದ ಹೊಗೆ ಕಾಣುತ್ತಿತ್ತು. ಅಲ್ಲಿ ಕಾಳವ್ವನ ಮೊಣಕಾಲಿತ್ತು, ರಾಜಕುಮಾರಿಯ ಕೈಯಿತ್ತು, ಎಲ್ಲರ ಮಕ್ಕಳ ಗಾಯಗಳಿದ್ದವು. ಮಗನ ಬೆರಳನ್ನು ಮೆಲ್ಲಗೆ ಎಳೆದು ಮಾಂತ್ರಿಕನ ಎದೆಯ ಮೇಲೆ ತಾನೇ ಇಟ್ಟಳು.

ಮಲಕಾರಿ "ಮಾಯಲಿ" ಅಂದ. ಹಲ್ಲು ಕಡಿದು ಅಂದ ಮಾತು, ಹುಣ್ಣು ಹಾಗೇ ಇತ್ತು. ಮತ್ತೆ "ಮಾಯಲಿ" ಅಂದ. ಅಳುತ್ತ ಅಂದ ಮಾತು, ಹುಣ್ಣು ಹಾಗೇ ಇತ್ತು. ಆಗ ಮಾಂತ್ರಿಕ ಕಣ್ಣು ತೆರೆದು, "ನೊಣ ಓಡಿಸ್ತೀಯೇನಪ್ಪಾ, ನನ್ನ ಕೈ ಏಳವಲ್ದು" ಅಂದ.

ಮಲಕಾರಿ ನೊಣ ಓಡಿಸಿದ. ಹುಣ್ಣನ್ನು ನೋಡಿದ. ಅದೂ ಎಲ್ಲರ ಹುಣ್ಣಿನ ಹಾಗೇ ಕೆಂಪಗಿತ್ತು.

"ಮಾಯಲಿ" ಅಂದ.

ಮಾಯಿತು.

ಕೋಟೆ ನಡುಗಿತು. ಕಲ್ಲು ಹೊಗೆಯಾಯಿತು, ಗೋಡೆ ಗಾಳಿಯಾಯಿತು. ಮಾಯವಾದವರಿಗೆ ಇದ್ದ ನೆಲೆ ಅದೊಂದೇ. ಅವ್ವ ಮಗನ ಕೆನ್ನೆಗೆ ಕೈಯಿಟ್ಟಳು. ಕೈ ಮೊದಲು ಹೋಯಿತು, ನಗು ಆಮೇಲೆ ಹೋಯಿತು. ಬಯಲಿನಲ್ಲಿ ಮಲಕಾರಿ ಇದ್ದ, ಮಂಚದಲ್ಲಿದ್ದವನು ಬರೀ ಮುದುಕನಾಗಿ ಕೂತಿದ್ದ. ಅವ್ವನ ರಕ್ತ ಬಿದ್ದಲ್ಲೆಲ್ಲ ಒಂದು ಗಿಡ ಎದ್ದಿತ್ತು. ಅವಳೊಬ್ಬಳಿಗೇ ಗೊತ್ತಿದ್ದ ಎಲೆಯ ಗಿಡ.

ಚಿಗರಿಪುರದಲ್ಲಿ ಅದೇ ಹೊತ್ತಿಗೆ ಎಲ್ಲರ ಗಾಯವೂ ಮಾಯಿತು. ರಾಜಕುಮಾರಿ ಕೈ ಬಿಚ್ಚಿ ಬಳೆ ತೊಟ್ಟಳು.

ಹೊಗೆಯಾಗುವ ಮೊದಲೇ ಉರುಳಿದ ಕೋಟೆಯ ಕಲ್ಲೊಂದು ತಾಗಿ ಮಲಕಾರಿಯ ಹಿಮ್ಮಡಿ ಸೀಳಿತ್ತು. ಅವನು ಲಕ್ಷ್ಯ ಕೊಡಲಿಲ್ಲ. ಮುದುಕನೇ ನೋಡಿದ. ತೊಳೆದ, ಒರೆಸಿದ, ಎಲೆ ಅರೆದು ತೆಳ್ಳಗೆ ಸವರಿದ.

"ಏನೋ ಒಂದು ಮಾತು ಐತಲ್ಲ, ಏನದು?" ಅಂತ ಕೇಳಿದ.

ಮಲಕಾರಿ ಹೇಳಿಕೊಡಲಿಲ್ಲ. ಕರಿನಾಲಿಗೆ, ತಪ್ಪಿ ಮಾಯವಾಗು ಅಂದರೂ ಅಂದಾನು. ಅನ್ನಲಿ, ಅವ್ವ ಹೋದಲ್ಲಿಗೇ ನಾನೂ ಹೋದೇನು ಅಂದುಕೊಂಡು ಕಣ್ಣು ಮುಚ್ಚಿದ.

ಮುದುಕ ಬಹಳ ಹೊತ್ತು ತಡವರಿಸಿದ. "ಮಾಯ..." ಅಂದ. ನಿಂತ.

"...ಲಿ" ಅಂದ.

ಮಲಕಾರಿ ಕಣ್ಣು ತೆರೆದ. ಬಿಸಿಲು ಹಾಗೇ ಇತ್ತು, ಗಿಡ ಹಾಗೇ ಇತ್ತು, ಹಿಮ್ಮಡಿ ಮಾಯ್ದಿತ್ತು. ಆಗ ಅವನು ಆ ಮುದುಕನ ಹೆಗಲ ಮೇಲೆ ತಲೆಯಿಟ್ಟು ಅತ್ತ.

ಆಮೇಲೆ ಇಬ್ಬರೂ ಕರಡಿಗೆ ಹಿಡಿದು ಊರೂರು ತಿರುಗಿದರು. ಚಿಗರಿಪುರದವರು ಸುಖವಾಗಿ ಬಾಳಿದರು. ಮಲಕಾರಿಯೂ ಬಾಳಿದ. ಅವಸರ ಮಾತ್ರ ಮತ್ತೆ ಮಾಡಲಿಲ್ಲ. ಎದುರಿಗೆ ಕುದುರೆ ಹೋಗಲಿ, ಆನೆ ಹೋಗಲಿ, ಮೊದಲು ಗಾಯ ತೊಳೆಯುತ್ತಿದ್ದ.